ಹನ್ನೆರಡು ಅಡಿಕೆ ಮರ, ಮಸ್ಕತ್ತಿನ ಒಂದು ಸಹಿ

ನಮ್ಮ ಮನೆಯಲ್ಲಿ ಆಸ್ತಿ ಜಗಳ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಯಿಲು ಎಂದ ಕೂಡಲೇ ಜನಕ್ಕೆ ನೆನಪಾಗುವುದು ಅಣ್ಣತಮ್ಮಂದಿರ ಹೊಡೆದಾಟ, ಕೋರ್ಟು, ಹಿಸೆ ಪಂಚಾಯ್ತಿ. ನಮ್ಮಲ್ಲಿ ಯಾರೂ ಯಾರಿಗೂ ಒಂದು ಮಾತು ಅಂದಿಲ್ಲ. ಆದರೂ ನಮ್ಮನೆಯವರು ಬಿಟ್ಟುಹೋದ 1 ಎಕರೆ 12 ಗುಂಟೆ ತೋಟ ನನ್ನ ಹೆಸರಿಗೆ ಬರಲು ಮೂರೂವರೆ ವರ್ಷ ಹಿಡಿಯಿತು.

ಅವರು ಮೇಷ್ಟ್ರಾಗಿದ್ದರು. ಶಿರಸಿ ಪೇಟೆಯಿಂದ ಹದಿನೈದು ಕಿಲೋಮೀಟರ್ ದೂರದಲ್ಲಿ ಆ ತೋಟ ಕೊಂಡದ್ದು ಸಂಬಳದ ದುಡ್ಡಿನಲ್ಲೇ. ಪಿತ್ರಾರ್ಜಿತ ಅಲ್ಲ. ಮೂಲಮನೆ ಮೈದುನನ ಪಾಲಿಗೆ ಹೋಗಿತ್ತು, ಅತ್ತೆ ಮಾತ್ರ ನಮ್ಮ ಜೊತೆಗಿದ್ದರು. ಊರಿನವರ ಅರ್ಜಿ, ಬ್ಯಾಂಕಿನ ಕಾಗದ ಎಲ್ಲ ಬರೆದುಕೊಡುತ್ತಿದ್ದ ಮನುಷ್ಯ ತನ್ನದೊಂದು ಕಾಗದ ಬರೆಯಲಿಲ್ಲ. ನಮ್ಮ ಕಡೆ ಹಳಬರು ಉಯಿಲಿಗೆ ಮೃತ್ಯುಪತ್ರ ಎನ್ನುತ್ತಾರೆ. ಆ ಹೆಸರೇ ಸಾಕು, ಯಾರಿಗೂ ಬರೆಯುವ ಮನಸ್ಸು ಬರುವುದಿಲ್ಲ. 2018ರ ನವೆಂಬರಿನಲ್ಲಿ ಅವರು ಹೋದರು.

ತೋಟ ನನ್ನದು ಮತ್ತು ಮಕ್ಕಳದು ಎಂದೇ ನಾನು ತಿಳಿದಿದ್ದೆ. ಮತ್ತೆ ಯಾರದ್ದು? ಪೌತಿ ಖಾತೆ ಮಾಡಿಸಿ ಜಮೀನಿನ ದಾಖಲೆಯನ್ನು ವಾರಸುದಾರರ ಹೆಸರಿಗೆ ಬದಲಿಸಬೇಕು ಎಂದು ಮಗ ಹೇಳಿದ. ವರ್ಷಾಂತಿಕ ಮುಗಿಯಲಿ, ಆಮೇಲೆ ನೋಡೋಣ ಎಂದೆ. ಏಳು ತಿಂಗಳಿಗೆ ಅತ್ತೆಯೂ ಹೋದರು.

ಆಮೇಲೆ ವಕೀಲರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ: "ಮೇಷ್ಟ್ರು ತೀರಿಕೊಂಡಾಗ ಅವರ ತಾಯಿ ಇದ್ದರಾ?" ಇದ್ದರು ಎಂದೆ. ಅವರು ಪೆನ್ನು ಕೆಳಗಿಟ್ಟರು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡಸು ಉಯಿಲು ಬರೆಯದೆ ಸತ್ತರೆ ಅವನ ಸ್ವಂತ ಆಸ್ತಿ ಹೆಂಡತಿ, ಮಕ್ಕಳ ಜೊತೆ ತಾಯಿಗೂ ಸಮಪಾಲಾಗಿ ಹೋಗುತ್ತದೆ. ರೂಪಾಯಿಗೆ ನಾಲ್ಕಾಣೆ ನನಗೆ, ನಾಲ್ಕಾಣೆ ಮಗನಿಗೆ, ನಾಲ್ಕಾಣೆ ಮಗಳಿಗೆ, ನಾಲ್ಕಾಣೆ ಅತ್ತೆಗೆ. ಅತ್ತೆ ಹೋದ ಮೇಲೆ ಅವರ ನಾಲ್ಕಾಣೆ ಅವರ ಐದು ಮಕ್ಕಳ ಕಡೆಗೆ ಒಡೆಯಿತು. ಒಂದು ಪಾಲು ನನ್ನ ಮಕ್ಕಳಿಗೆ, ಅವರಪ್ಪನ ಲೆಕ್ಕದಲ್ಲಿ. ಒಂದು ಮೈದುನನಿಗೆ. ಒಂದು ಕುಮಟಾ ನಾದಿನಿಗೆ, ಒಂದು ಯಲ್ಲಾಪುರದವಳಿಗೆ. ಹೊನ್ನಾವರದ ದೊಡ್ಡ ನಾದಿನಿ ಮೊದಲೇ ತೀರಿಕೊಂಡಿದ್ದಳು, ಹಾಗಾಗಿ ಅವಳ ಪಾಲು ಅವಳ ಮೂರು ಮಕ್ಕಳಿಗೆ. ಒಬ್ಬ ಪುಣೆ, ಒಬ್ಬಳು ಮುಂಬೈ, ಒಬ್ಬ ಮಸ್ಕತ್ತು.

ಮಸ್ಕತ್ತಿನ ಹುಡುಗನ ಪಾಲು ಎಷ್ಟು ಎಂದು ಬಸ್ಸಿನಲ್ಲಿ ಬರುತ್ತ ಲೆಕ್ಕ ಹಾಕಿದೆ. ಅರವತ್ತರಲ್ಲಿ ಒಂದು. 52 ಗುಂಟೆ ತೋಟದಲ್ಲಿ ಪೂರ್ತಿ ಒಂದು ಗುಂಟೆಯೂ ಇಲ್ಲ. ಹನ್ನೊಂದೋ ಹನ್ನೆರಡೋ ಅಡಿಕೆ ಮರ. ಫೋನ್ ಮಾಡಿದಾಗ ಅವನು ನಕ್ಕುಬಿಟ್ಟ. "ಅತ್ತೆ, ನಂಗೆ ಅಲ್ಲಿ ಪಾಲು ಇದ್ದು ಹೇಳಿ ನಂಗೇ ಗೊತ್ತಿತ್ತಿಲ್ಲೆ!"

ಎಲ್ಲರೂ ಬಿಟ್ಟುಕೊಡಲು ತಯಾರಿದ್ದರು. ಆದರೆ ಬಿಟ್ಟುಕೊಡುವುದಕ್ಕೂ ಹಕ್ಕು ಬಿಡುಗಡೆ ಪತ್ರ ಬರೆದು ನೋಂದಣಿ ಮಾಡಿಸಬೇಕು, ಎಲ್ಲರೂ ಸಬ್ ರಿಜಿಸ್ಟ್ರಾರ್ ಎದುರು ಬಂದು ನಿಲ್ಲಬೇಕು. ಪುಣೆಯವನಿಗೆ ರಜೆ ಸಿಕ್ಕಾಗ ಮುಂಬೈಯವಳ ಮಗುವಿಗೆ ಪರೀಕ್ಷೆ. ಅಷ್ಟರಲ್ಲಿ 2020 ಬಂತು, ಕೊರೊನಾ ಬಂತು. ಮಸ್ಕತ್ತಿನವನು ಕೊನೆಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ತನ್ನ ಪರವಾಗಿ ಸಹಿ ಹಾಕಲು ಪುಣೆಯ ತಮ್ಮನ ಹೆಸರಿಗೆ ಮುಖ್ತ್ಯಾರಪತ್ರ ಮಾಡಿಸಿ ಕಳಿಸಿದ. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಹಾಕಿಸಬೇಕು ಎಂಬುದು ಇನ್ನೊಂದು ಪಾಠ. ಪೌತಿ ಖಾತೆಯನ್ನು ಎಲ್ಲರ ಹೆಸರಿಗೂ ಮಾಡಿಸಿಬಿಡಬಹುದಿತ್ತು, ನಿಜ. ಆದರೆ ಪಹಣಿಯಲ್ಲಿ ಒಂಬತ್ತು ಹೆಸರಿದ್ದರೆ ಬೆಳೆಸಾಲಕ್ಕೆ ಸೊಸೈಟಿಗೆ ಹೋದಾಗಲೆಲ್ಲ ಒಂಬತ್ತು ಸಹಿ. ಯಾರಿಗೆ ಬೇಕು?

ಬ್ಯಾಂಕಿನದ್ದು ಬೇರೆ ಕತೆ. ಅವರ ಹಳೆಯ ಠೇವಣಿಗೆ ನಾಮಿನಿ ಅವರ ತಾಯಿ. ಮದುವೆಗೆ ಮೊದಲು ಬರೆಸಿದ್ದು, ನವೀಕರಣ ಮಾಡಿದಾಗಲೆಲ್ಲ ಅದೇ ಹೆಸರು ಮುಂದುವರಿದಿತ್ತು. ನಾಮಿನಿ ಎಂದರೆ ಮಾಲೀಕ ಎಂದೇ ನಾವೆಲ್ಲ ತಿಳಿದಿದ್ದೇವೆ, ಅಲ್ವಾ? ಅಲ್ಲ. ಬ್ಯಾಂಕು ಯಾರ ಕೈಗೆ ದುಡ್ಡು ಕೊಟ್ಟರೆ ತನ್ನ ಹೊಣೆ ಮುಗಿಯುತ್ತದೋ ಅವರು ನಾಮಿನಿ, ಅಷ್ಟೇ. ದುಡ್ಡು ಸೇರುವುದು ವಾರಸುದಾರರಿಗೆ, ಉಯಿಲಿದ್ದರೆ ಉಯಿಲಿನಲ್ಲಿ ಇದ್ದವರಿಗೆ. ಷೇರುಗಳಿಗೂ ಇದೇ ಮಾತು ಎಂದು ಸುಪ್ರೀಂ ಕೋರ್ಟು 2023ರ ಡಿಸೆಂಬರಿನಲ್ಲಿ ಹೇಳಿದೆ.

ಮಕ್ಕಳೂ ತಮ್ಮ ಪಾಲು ನನಗೇ ಬಿಟ್ಟುಕೊಟ್ಟರು. 2022ರ ಮಳೆಗಾಲಕ್ಕೆ ಪಹಣಿಯಲ್ಲಿ ನನ್ನೊಬ್ಬಳ ಹೆಸರು ಬಂತು. ಆ ಪಹಣಿ ಕೈಗೆ ಬಂದ ದಿನವೇ ನಿರ್ಧಾರ ಮಾಡಿದೆ: ನನ್ನ ಮಕ್ಕಳು ಯಾರ ಸಹಿಗೂ ಕಾಯಬಾರದು.

ಮಗಳಿಗೆ ಹೇಳಿದಾಗ ಅವಳಿಗೆ ಗಾಬರಿ. "ಆಯಿ, ಆರಾಮಿದ್ಯ ಅಲ್ದಾ? ಎಂತಕ್ಕೆ ಈಗ ಇದೆಲ್ಲ?" ಆರಾಮಿದ್ದಾಗಲೇ ಬರೆಯುವುದು ಎಂದೆ. ಬುದ್ಧಿ ಸರಿಯಿದ್ದು ಹದಿನೆಂಟು ತುಂಬಿದ ಯಾರು ಬೇಕಾದರೂ ಬರೆಯಬಹುದು. ಆಸ್ಪತ್ರೆಯ ಹಾಸಿಗೆ ಮೇಲೆ ಹೆಬ್ಬೆಟ್ಟು ಒತ್ತಿಸಿದ ಉಯಿಲಿಗೇ ಕೋರ್ಟಿನಲ್ಲಿ ಜಾಸ್ತಿ ಪ್ರಶ್ನೆ ಏಳುವುದು.

ಮೊದಲ ಕರಡು ನಾನೇ ಬರೆದೆ. ಮೊಮ್ಮಗನ ರೂಲ್ ಪಟ್ಟಿಯಿಂದ ಹರಿದ ಹಾಳೆ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು, ಯಾವ ಭಾಷೆಯಾದರೂ ಆಗುತ್ತದೆ. ಒಂದೇ ಪುಟ: ತೋಟ ಇಬ್ಬರಿಗೂ ಸಮ, ಮನೆ ಇಬ್ಬರಿಗೂ ಸಮ, ಬಂಗಾರ ಇಬ್ಬರಿಗೂ ಸಮ. ಎಷ್ಟು ನ್ಯಾಯವಾಗಿ ಬರೆದೆ ಎಂದು ನನಗೇ ಖುಷಿ.

ವಕೀಲರು ಓದಿ ಕೇಳಿದರು, "ಅಕ್ಕ, ತೋಟದ ಬಾವಿ ಯಾವ ಬದಿಗೆ ಇದೆ?"

ಅಲ್ಲಿಗೆ ನನ್ನ ಸಮಪಾಲು ಕುಸಿಯಿತು. ಬಾವಿ, ಪಂಪ್‌ಸೆಟ್ಟು ಕೆಳಗಿನ ತುದಿಯಲ್ಲಿ. ಅಡಿಕೆ ಒಣಗಿಸುವ ಅಟ್ಟ ಮೇಲಿನ ತುದಿಯಲ್ಲಿ. ಹಳ್ಳ ದಾಟಲು ಇರುವುದು ಒಂದೇ ಸಂಕ. ನಡುವೆ ಬೇಲಿ ಬಿದ್ದರೆ ಒಬ್ಬರಿಗೆ ನೀರಿಲ್ಲ, ಇನ್ನೊಬ್ಬರಿಗೆ ಅಟ್ಟ ಇಲ್ಲ. ಅಕ್ಕರೆಯಿಂದ ಅರ್ಧರ್ಧ ಮಾಡಿ ಹೋದವರ ತೋಟಗಳು ನಮ್ಮ ಸೀಮೆಯಲ್ಲಿ ಎಷ್ಟು ಪಾಳು ಬಿದ್ದಿವೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ನನ್ನದೇ ಕಾಗದದಲ್ಲಿ ಅದು ಕಾಣಲಿಲ್ಲ.

ಸೊಪ್ಪಿನ ಬೆಟ್ಟದ ವಿಷಯವೂ ಆಗಲೇ ಗೊತ್ತಾಯಿತು. ಬೆಟ್ಟ ಮಗಳಿಗೆ ಎಂದು ನಾನು ಬೇರೆ ಸಾಲು ಬರೆದಿದ್ದೆ. ಬೆಟ್ಟ ನಮ್ಮ ಸ್ವಂತದ್ದಲ್ಲ. ಸೊಪ್ಪು, ದರಕು (ಒಣ ಎಲೆ) ತರಲು ತೋಟದ ಲೆಕ್ಕದಲ್ಲಿ ಕೊಟ್ಟ ಸವಲತ್ತು, ತೋಟದ ಹಿಂದೆಯೇ ಹೋಗುತ್ತದೆ. ತೋಟ ಒಬ್ಬರಿಗೆ, ಬೆಟ್ಟ ಇನ್ನೊಬ್ಬರಿಗೆ ಎಂದು ಬರೆದರೆ ಅದಕ್ಕೆ ಅರ್ಥವಿಲ್ಲ. ಅರಣ್ಯ ಅತಿಕ್ರಮಣದ ಜಾಗವೂ ಅಷ್ಟೇ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳು ನಿಂತಿರುವುದು ಅಂಥ ಜಾಗದ ಮೇಲೆ. ಪಟ್ಟಾ ಇಲ್ಲದ ನೆಲಕ್ಕೆ ಉಯಿಲು ಬರೆದರೆ ಒಡೆತನ ಹುಟ್ಟುವುದಿಲ್ಲ. ಪಿತ್ರಾರ್ಜಿತ ಇದ್ದವರು ತಮ್ಮ ಪಾಲನ್ನಷ್ಟೇ ಬರೆಯಬಹುದು. ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದ ಮೇಲೆ ಅದರಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲಿದೆ.

ಒಂದು ತಿಂಗಳು ಯೋಚನೆ ಮಾಡಿದೆ. ಮಗ ಬೆಂಗಳೂರಿನಲ್ಲಿ, ತೋಟಕ್ಕೆ ಬರುವುದು ಹಬ್ಬಕ್ಕೆ. ಮಗಳ ಮನೆ ಸಾಗರದಲ್ಲಿ, ಅಳಿಯನಿಗೂ ತೋಟ ಗೊತ್ತು. ತೋಟ ಇಡಿಯಾಗಿ ಮಗಳಿಗೆ, ಶಿರಸಿಯ ಮನೆ ಮಗನಿಗೆ ಎಂದು ಬರೆದೆ. ಮನೆಯ ಬೆಲೆ ಕಡಿಮೆ, ಹಾಗಾಗಿ ಠೇವಣಿ ಮಗನಿಗೆ. ಮೈದುನ ಮಾತ್ರ ಸ್ವಲ್ಪ ಮುಖ ಸಪ್ಪಗೆ ಮಾಡಿದ. "ತೋಟ ಕೂಸಿಂಗಾ?" ಎಂದ. ಕೂಸು ಎಂದರೆ ನಮ್ಮಲ್ಲಿ ಹೆಣ್ಣುಮಗಳು. ಹೌದು, ಕೂಸಿಗೇ. ಮಗನನ್ನು ಎದುರಿಗೆ ಕೂರಿಸಿ ಹೇಳಿದ್ದೆ, ಅವನು ಒಪ್ಪಿದ್ದ. ಹೇಳಲೇಬೇಕೆಂದು ಕಾನೂನೇನಿಲ್ಲ. ನನಗೆ ಹೇಳದೆ ನಿದ್ದೆ ಬರುತ್ತಿರಲಿಲ್ಲ.

ಬಂಗಾರಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಮಂಚದ ಮೇಲೆ ಬಿಳಿ ಪಂಚೆ ಹಾಸಿ ಎಲ್ಲ ಹರಡಿಕೊಂಡೆ. ಅವಲಕ್ಕಿ ಸರ, ನಾಲ್ಕು ಬಳೆ, ಅತ್ತೆಯ ಬುಗುಡಿ, ತಿರುಪು ಸವೆದ ವಜ್ರದ ಬೆಂಡೋಲೆ. "ಬಂಗಾರದ ಸರ ಮಗಳಿಗೆ" ಎಂದು ಬರೆದರೆ ಸಾಲದು, ಯಾವ ಸರ ಎಂಬ ಪ್ರಶ್ನೆ ಬರುತ್ತದೆ. ಒಂದೊಂದನ್ನೂ ಹೆಸರು, ಎಳೆ, ತೂಕ ಹಾಕಿ ಬರೆದೆ. ಬುಗುಡಿಯನ್ನು ಯಾರಿಗೆ ಕೊಡಬೇಕೆಂದು ತಿಳಿಯಲಿಲ್ಲ. ಈಗಿನವರು ಯಾರೂ ಹಾಕುವುದಿಲ್ಲ. ಬಹಳ ಹೊತ್ತು ಅದನ್ನೇ ಕೈಯಲ್ಲಿ ಹಿಡಿದು ಕೂತಿದ್ದೆ. ಕೊನೆಗೆ ಸೊಸೆಗೆ ಬರೆದೆ, ಅತ್ತೆಯಿಂದ ಸೊಸೆಗೆ ಬಂದದ್ದು ಹಾಗೇ ಹೋಗಲಿ ಎಂದು.

ಜಮೀನಿಗೆ ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಎಲ್ಲ ಪಹಣಿ ನೋಡಿಯೇ ಬರೆಯಬೇಕು, ನೆನಪಿನಿಂದ ಅಲ್ಲ. ಕೊನೆಯಲ್ಲಿ ವಕೀಲರು ಒಂದು ಸಾಲು ಸೇರಿಸಿದರು: ಇಲ್ಲಿ ಹೇಳದೆ ಉಳಿದ, ಮುಂದೆ ನನಗೆ ಬರಬಹುದಾದ ಎಲ್ಲವೂ ಇಬ್ಬರಿಗೂ ಸಮ. ಈ ಸಾಲು ಇಲ್ಲದಿದ್ದರೆ ಬಿಟ್ಟುಹೋದದ್ದಷ್ಟೂ ಮತ್ತೆ ಕಾಯ್ದೆಯ ಹಂಚಿಕೆಗೆ ಹೋಗುತ್ತದೆ. ಉಯಿಲು ಜಾರಿ ಮಾಡುವ ಹೊಣೆಯನ್ನು ಪುಣೆಯ ಹುಡುಗನಿಗೆ ವಹಿಸಿದೆ. ಅಣ್ಣನ ಮುಖ್ತ್ಯಾರಪತ್ರ ಹಿಡಿದು ಓಡಾಡಿದವನು ಅವನೇ, ಪಾಪ, ಅನುಭವಸ್ಥ.

ಸಾಕ್ಷಿಗೆ ಪಕ್ಕದ ಮನೆಯ ಹೆಗಡೇರನ್ನು ಕರೆತರುತ್ತೇನೆ ಎಂದೆ. ಅವರ ವಯಸ್ಸೆಷ್ಟು ಎಂದು ವಕೀಲರು ಕೇಳಿದರು. 76. "ಅಕ್ಕ, ನಿಮಗಿಂತ ಮುಂಚೆ ಅವರು ಹೋದರೆ?" ತಕರಾರು ಬಂದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೌದು, ನಮ್ಮೆದುರೇ ಸಹಿ ಹಾಕಿದರು ಎನ್ನಬೇಕು. ಹಾಗಾಗಿ ನಮಗಿಂತ ಚಿಕ್ಕವರು ಬೇಕು, ಊರಲ್ಲೇ ಸಿಗುವವರು ಬೇಕು, ಉಯಿಲಿನಲ್ಲಿ ಏನೂ ಪಡೆಯದವರಾಗಿರಬೇಕು. ಇಬ್ಬರು ಕಡ್ಡಾಯ. ಒಳಗೆ ಏನಿದೆ ಎಂದು ಅವರು ಓದಬೇಕಿಲ್ಲ. ನಾನು ಅವರೆದುರು ಸಹಿ ಹಾಕಬೇಕು, ಅವರು ನನ್ನೆದುರು ಹಾಕಬೇಕು. ನಮ್ಮ ಡಾಕ್ಟರೇ ಒಬ್ಬ ಸಾಕ್ಷಿಯಾದರು, ಬುದ್ಧಿ ಸ್ಥಿಮಿತದಲ್ಲಿದೆ ಎಂದು ಚೀಟಿಯನ್ನೂ ಬರೆದುಕೊಟ್ಟರು. ಆ ಚೀಟಿ ಕಡ್ಡಾಯವಲ್ಲ, ಇದ್ದರೆ ಒಳ್ಳೆಯದು. ಇನ್ನೊಬ್ಬಳು ಹೈಸ್ಕೂಲು ಟೀಚರು, ನಮ್ಮನೆಯವರ ಶಿಷ್ಯೆ.

ನೋಂದಣಿಯೂ ಕಡ್ಡಾಯವಲ್ಲ. ಸ್ಟಾಂಪ್ ಡ್ಯೂಟಿ ಇಲ್ಲ, ಶುಲ್ಕ ಅಲ್ಪ. 2023ರಲ್ಲಿ ಶಿರಸಿಯಲ್ಲೇ ಮಾಡಿಸಿದೆ. ಫೋಟೋ, ಹೆಬ್ಬೆಟ್ಟು, ನಿಮ್ಮ ಇಷ್ಟದಿಂದ ಬರೆದದ್ದಾ ಎಂಬ ಪ್ರಶ್ನೆ, ಮುಗಿಯಿತು. ಒಳಗಿನದ್ದು ಯಾರಿಗೂ ಕಾಣಬಾರದು ಎನ್ನುವವರು ಲಕೋಟೆಗೆ ಮೊಹರು ಹಾಕಿ ಜಿಲ್ಲಾ ನೋಂದಣಾಧಿಕಾರಿಯ ಹತ್ತಿರ ಇಡಬಹುದು. ಅದಕ್ಕೆ ದೇವಿಮನೆ ಘಟ್ಟ ಇಳಿದು ಕಾರವಾರದ ತನಕ ಹೋಗಬೇಕು. ನನ್ನಲ್ಲಿ ಅಂಥ ಗುಟ್ಟೇನಿಲ್ಲ. ನೋಂದಾಯಿಸಿದ ಉಯಿಲಿನ ನಕಲು ನಾನಿರುವ ತನಕ ನನಗೆ ಬಿಟ್ಟರೆ ಬೇರೆಯವರಿಗೆ ಸಿಗುವುದಿಲ್ಲ. ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ ತೆಗೆಸಿದರೂ ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ಎಲ್ಲಿಟ್ಟಿದ್ದೇನೆ ಎಂದು ಇಬ್ಬರು ಮಕ್ಕಳಿಗೂ ಹೇಳಿದ್ದೇನೆ. ಕಪಾಟಿನಲ್ಲಿ, ಧಾರೆ ಸೀರೆಯ ಕೆಳಗೆ.

ಇದೆಲ್ಲ ಹಿಂದೂ ಕುಟುಂಬದ ಲೆಕ್ಕ. ಮುಸ್ಲಿಮರು ಸಾಮಾನ್ಯವಾಗಿ ಮೂರರಲ್ಲಿ ಒಂದು ಭಾಗವನ್ನಷ್ಟೇ ಉಯಿಲಿನಲ್ಲಿ ಬರೆಯಬಹುದು, ಅದಕ್ಕಿಂತ ಹೆಚ್ಚಿಗೆ ವಾರಸುದಾರರ ಒಪ್ಪಿಗೆ ಬೇಕು. ಕ್ರಿಶ್ಚಿಯನ್ನರಿಗೆ ಮದುವೆಯಾದರೆ ಹಿಂದಿನ ಉಯಿಲು ಬಿದ್ದುಹೋಗುತ್ತದೆ. ಮಕ್ಕಳಿಲ್ಲದ ಹಿಂದೂ ಹೆಂಗಸರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಗಂಡನೂ ಇಲ್ಲದಿದ್ದರೆ, ನೀವೇ ದುಡಿದು ಮಾಡಿದ ಆಸ್ತಿ ನಿಮ್ಮ ಅಪ್ಪ ಅಮ್ಮನಿಗೆ ಹೋಗುವ ಮೊದಲು ಗಂಡನ ಕಡೆಯವರಿಗೆ ಹೋಗುತ್ತದೆ. ಇದು ನನ್ನ ಸ್ನೇಹಿತೆಯೊಬ್ಬಳಿಗೆ ಐವತ್ತೆಂಟನೇ ವಯಸ್ಸಿನಲ್ಲಿ ನನ್ನಿಂದ ಗೊತ್ತಾಯಿತು. ಮರುವಾರವೇ ಬರೆಸಿದಳು.

ಕಳೆದ ವರ್ಷ ಅವಲಕ್ಕಿ ಸರ ಮುರಿಸಿ ಇಬ್ಬರು ಮೊಮ್ಮಕ್ಕಳಿಗೂ ಒಂದೊಂದು ಚೈನು ಮಾಡಿಸಿದೆ. ಉಯಿಲಿನಲ್ಲಿ ಅದಿನ್ನೂ ಮಗಳ ಹೆಸರಿನಲ್ಲಿದೆ. ವಸ್ತುವೇ ಇಲ್ಲದಿದ್ದರೆ ಆ ಸಾಲು ತಾನಾಗಿ ಹೋಗುತ್ತದಂತೆ, ಆದರೆ ಮಗಳಿಗೆ ಕಡಿಮೆಯಾಯಿತಲ್ಲ. ಪೆನ್ನಿನಲ್ಲಿ ತಿದ್ದುವ ಹಾಗಿಲ್ಲ, ಮತ್ತೆ ಸಾಕ್ಷಿ ಸಹಿ ಬೇಕು. ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯದ್ದೇ ನಡೆಯುತ್ತದೆ. ಕೊಯ್ಲು ಮುಗಿಯಲಿ, ಆಮೇಲೆ ಹೋದರಾಯಿತು ಎಂದುಕೊಂಡೆ. ಎಂದುಕೊಂಡವಳು ಎದ್ದು ಹೋಗಿ ವಕೀಲರಿಗೆ ಫೋನ್ ಮಾಡಿದೆ. ಬುಧವಾರ ಹನ್ನೊಂದು ಗಂಟೆಗೆ ಬರಲು ಹೇಳಿದ್ದಾರೆ. ಡಾಕ್ಟರು ಅಂದು ಊರಲ್ಲಿ ಇದ್ದಾರಾ ಎಂದು ಕೇಳಬೇಕು.