ಬೋರ್ಡೋ ಎಲೆಯಡಿಗೆ ತಲುಪುತ್ತಿದೆಯೇ? ನಾಜಲ್ ಪರೀಕ್ಷಿಸಿ

ಮುಂಗಾರು ಹಿಡಿಯುವ ಮುನ್ನ ಕೊಡಗಿನ ಕಾಫಿ ತೋಟಗಳಲ್ಲಿ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಸಿಂಪಡಣೆಯ ಗಡಿಬಿಡಿ. ಎರಡನ್ನೂ ಲೆಕ್ಕವಾಗಿ ಹಾಕಿದ್ದರೂ ಅರೇಬಿಕಾ ಕಾಫಿ ಗಿಡಕ್ಕೆ ತುಕ್ಕು ರೋಗ ಬಿದ್ದರೆ ನಾಜಲ್, ಅಂದರೆ ದ್ರಾವಣವನ್ನು ಹನಿಯಾಗಿ ಚಿಮ್ಮಿಸುವ ತುದಿ, ನೋಡಬೇಕು. ತುಕ್ಕಿನ ಶಿಲೀಂಧ್ರ ಒಳಹೊಗುವುದು ಎಲೆಯ ಕೆಳಮೈಯಿಂದ. ಮೇಲ್ಮೈ ಎಷ್ಟು ನೀಲಿಯಾದರೂ ಅದಕ್ಕೆ ತಡೆಯಾಗದು.

ಪರೀಕ್ಷೆಗೆ ಬರೀ ನೀರು ಸಾಕು. ನಾಜಲ್ ಬಿಚ್ಚಿ ಜಾಲರಿ, ನೀರನ್ನು ಸುಳಿಸುವ ಬಿಲ್ಲೆ, ತೂತಿನ ಬಿಲ್ಲೆ ಮೂರನ್ನೂ ಹಳೆಯ ಟೂತ್‌ಬ್ರಷ್‌ನಿಂದ ತೊಳೆಯಿರಿ. ಪಿನ್ನು, ತಂತಿ ಚುಚ್ಚಬೇಡಿ. ಅಂಚು ಗೀರಿದರೆ ಹನಿ ಒಂದೇ ಕಡೆ ಬೀಳುತ್ತದೆ.

ಆಮೇಲೆ ಅಳತೆ. ಒಂದೇ ಒತ್ತಡದಲ್ಲಿ ಒಂದು ನಿಮಿಷದ ನೀರನ್ನು ಜಗ್ಗಿಗೆ ಹಿಡಿಯಿರಿ. ಅದೇ ನಂಬರಿನ ಹೊಸ ನಾಜಲ್‌ಗಿಂತ ಶೇ 10ಕ್ಕಿಂತ ಹೆಚ್ಚು ಬಂದರೆ ತೂತು ಸವೆದಿದೆ, ಬಿಲ್ಲೆ ಎಸೆಯಿರಿ. ಸುಣ್ಣದ ಕಣಗಳು ಹಿತ್ತಾಳೆಯನ್ನು ಬೇಗ ಸವೆಸುತ್ತವೆ. ಅಗ್ಗದ ಹಿತ್ತಾಳೆ, ಪ್ಲಾಸ್ಟಿಕ್ ಬಿಲ್ಲೆ ಕೊಳ್ಳಲೇಬೇಡಿ. ಬೋರ್ಡೋಗೆ ಸೆರಾಮಿಕ್ಕೇ ಸರಿ.

ಹೆಚ್ಚಿನವರು ಎಡವುವುದು ಹನಿಯ ಪರೀಕ್ಷೆಯಲ್ಲಿ. ಇದಕ್ಕೆ ನೀರು ತಾಗಿದಲ್ಲಿ ನೀಲಿಯಾಗುವ ಹಳದಿ ಕಾಗದ ಸಿಗುತ್ತದೆ. ಬೆಳಗಿನ ಮಂಜಿನಲ್ಲಿ ಹೊರತೆಗೆದರೆ ಇಡೀ ಕಾಗದ ತಾನಾಗಿ ನೀಲಿಗಟ್ಟುತ್ತದೆ. ಬೆವರುಗೈ ತಾಗಿದರೂ ಅಷ್ಟೇ. ಹಾಗಾಗಿ ಇಬ್ಬನಿ ಆರಿದ ಮೇಲೆ, ಕೈಗವಸು ಹಾಕಿಕೊಂಡು, ಗಿಡದ ಮೇಲೆ, ನಡುವೆ, ಬುಡದ ಹತ್ತಿರ ತಲಾ ಎರಡು ತುಂಡು ಸಿಕ್ಕಿಸಿ: ಒಂದರ ಹಳದಿ ಮುಖ ಆಕಾಶಕ್ಕೆ, ಇನ್ನೊಂದರದು ನೆಲಕ್ಕೆ. ಹೊರಗಿನ ರೆಂಬೆಗೆ ಕಟ್ಟಿದರೆ ಫಲಿತಾಂಶ ಚೆನ್ನಾಗಿಯೇ ಕಾಣುತ್ತದೆ, ಆದರೆ ನಿಜ ತಿಳಿಯದು. ಗಿಡದ ಒಳಗೇ ಇಡಿ. ಆಳು ಎಂದಿನಂತೆಯೇ ಹೊಡೆಯಲಿ. ಪರೀಕ್ಷೆಯೆಂದು ನಿಧಾನಿಸಿದರೆ ಲೆಕ್ಕ ಸುಳ್ಳಾಗುತ್ತದೆ.

ಕಾಗದ ಒಣಗಿದ ಮೇಲೆ ಭೂತಗನ್ನಡಿ ಹಿಡಿದು ಒಂದು ಚದರ ಸೆಂಟಿಮೀಟರಿನಲ್ಲಿ ಚುಕ್ಕೆ ಎಣಿಸಿ. ನೆಲಕ್ಕೆ ಮುಖಮಾಡಿದ ತುಂಡಿನಲ್ಲೂ 50ರಿಂದ 70 ಇರಬೇಕು. ಹನಿ ಕಾಗದದ ಮೇಲೆ ಹರಡುವುದರಿಂದ ಚುಕ್ಕೆ ಹನಿಯ ಸುಮಾರು ಎರಡರಷ್ಟು ಅಗಲವಿರುತ್ತದೆ: 0.4 ಮಿ.ಮೀ. ಚುಕ್ಕೆಯೆಂದರೆ ಹನಿ ಸುಮಾರು 200 ಮೈಕ್ರಾನ್. ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡಿದ್ದರೆ ದ್ರಾವಣ ಎಲೆಯಿಂದ ಸೋರಿ ನೆಲದ ಪಾಲಾಗುತ್ತಿದೆ ಎಂದರ್ಥ.

ಕೆಳಮುಖದಲ್ಲಿ ಚುಕ್ಕೆ ಕಮ್ಮಿಯೆಂದು ಒತ್ತಡ ಏರಿಸುವುದು ಎಲ್ಲರೂ ಮಾಡುವ ತಪ್ಪು. ಒತ್ತಡ ಎರಡರಷ್ಟಾದರೂ ನೀರು ಹೆಚ್ಚುವುದು ಸುಮಾರು 1.4 ಪಟ್ಟು ಮಾತ್ರ. ಹನಿ ಮಾತ್ರ ಸಣ್ಣದಾಗುತ್ತದೆ, 100 ಮೈಕ್ರಾನಿಗಿಂತ ಕಿರಿದಾದದ್ದು ಗಾಳಿಯಲ್ಲಿ ತೇಲಿ ಪಕ್ಕದ ತೋಟ ಸೇರುತ್ತದೆ. ಒತ್ತಡ ಮುಟ್ಟದೆ ಲ್ಯಾನ್ಸ್‌ನ (ನಾಜಲ್ ಕೂರುವ ಉದ್ದ ಕೊಳವೆ) ತುದಿಯನ್ನು ಗಿಡದೊಳಗೆ ತೂರಿಸಿ, ಕೆಳಗಿನಿಂದ ಮೇಲಕ್ಕೆ ಹೊಡೆಯಲು ಹೇಳಿ, ಹೊಸ ಕಾಗದ ಇಟ್ಟು ಮತ್ತೆ ಎಣಿಸಿ.

ಕಾಗದ ಸಿಗದಿದ್ದರೆ ನೀರಿಗೆ ಅಡುಗೆಯ ಬಣ್ಣ ಬೆರೆಸಿ, ನುಣುಪಾದ ಬಿಳಿ ಕಾಗದದ ಮೇಲೆ ಹರವು ನೋಡಬಹುದು. ಹನಿಯ ಗಾತ್ರಕ್ಕೆ ಅದನ್ನು ನಂಬಬೇಡಿ.

ಬೋರ್ಡೋ ಹೊಡೆದ ದಿನ ಸಂಜೆಯೇ ಪೈಪು, ನಾಜಲ್ ಎಲ್ಲದರಲ್ಲೂ ಶುದ್ಧ ನೀರು ಹಾಯಿಸಿ. ಸುಣ್ಣ ಒಣಗಿ ಗಟ್ಟಿಯಾದರೆ ಮರುದಿನ ಬ್ರಷ್‌ಗೂ ಬಗ್ಗದು.