ಈ 412 ಎಲ್ಲಿಂದ ಬಂತು? ಅನುದಾನದ ವರದಿಗೆ ಲೆಕ್ಕ ಇಡುವ ಕ್ರಮ

ತ್ರೈಮಾಸಿಕದ ಕೊನೆಯ ವಾರ ಬಂತೆಂದರೆ ಎಷ್ಟೋ ಸ್ವಯಂಸೇವಾ ಸಂಸ್ಥೆಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಮಾತು: ‘ನಿಮ್ಮ ನಿಮ್ಮ ಸಂಖ್ಯೆ ಕಳಿಸಿ’. ಬಂದದ್ದನ್ನು ಕೂಡಿ ವರದಿಗೆ ಹಾಕಿದ್ದಾಯಿತು. ಆರು ತಿಂಗಳ ಮೇಲೆ ಲೆಕ್ಕಪರಿಶೋಧಕರು ‘ಈ 412 ಮಕ್ಕಳು ಎಲ್ಲಿಂದ ಬಂದರು?’ ಎಂದು ಕೇಳಿದಾಗ ಯಾರ ಹತ್ತಿರವೂ ಹಾಳೆಯಿಲ್ಲ. ಇದಕ್ಕೆ ಮದ್ದು ವರದಿ ಬರೆಯುವ ವಾರದಲ್ಲಿಲ್ಲ, ದಾನಿ ಸಂಸ್ಥೆಯೊಂದಿಗಿನ ಒಪ್ಪಂದಕ್ಕೆ ಸಹಿ ಹಾಕಿದ ವಾರದಲ್ಲಿದೆ.

ಒಪ್ಪಂದವನ್ನು ಒಂದು ಹಾಳೆಗೆ ಇಳಿಸಿ

ಒಪ್ಪಂದದಲ್ಲಿ ಮಾತು ಕೊಟ್ಟ ಒಂದೊಂದು ಸಂಖ್ಯೆಯನ್ನೂ ಎಕ್ಸೆಲ್‌ನ ಒಂದೊಂದು ಸಾಲಿಗೆ ಬರೆಯಿರಿ. ಪಕ್ಕದಲ್ಲಿ ಐದು ಕಾಲಂ: ಆ ಸಂಖ್ಯೆಯ ಅರ್ಥ, ಅದು ದಾಖಲಾಗುವ ರಿಜಿಸ್ಟರ್, ಬರೆಯುವವರು, ತಾಳೆ ನೋಡುವವರು, ಗಡುವು.

ಜಗಳ ಬರುವುದು ‘ಅರ್ಥ’ದ ಕಾಲಂನಲ್ಲೇ. ‘120 ಮಹಿಳೆಯರಿಗೆ ತರಬೇತಿ’ ಎಂದು ಬರೆದುಕೊಟ್ಟಿದ್ದೀರಿ. ತಲಾ 40 ಮಂದಿಯ ಮೂರು ತರಬೇತಿ ನಡೆದರೆ ಹಾಜರಾತಿ 120 ಆಗುತ್ತದೆ, ನಿಜ. ಆದರೆ ಹೆಚ್ಚಿನವರು ಮೂರಕ್ಕೂ ಬಂದವರಾದರೆ ಮಹಿಳೆಯರು 55 ಇದ್ದರೂ ಇರಬಹುದು. ತಲೆ ಎಣಿಕೆ, ಹಾಜರಿ ಎಣಿಕೆ ಎರಡನ್ನೂ ಬೇರೆ ಬೇರೆಯಾಗಿ ಕೊಡಿ. ಸಂಜೆ ಶಾಲೆಗೆ ಒಂದು ದಿನ ಇಣುಕಿ ಹೋದ ಮಗು ಲೆಕ್ಕಕ್ಕೆ ಬರುತ್ತದೆಯೇ? ತಿಂಗಳ 24 ತರಗತಿಯಲ್ಲಿ 15ಕ್ಕಾದರೂ ಬಂದಿರಬೇಕು ಎಂಬಂಥ ನಿಯಮವನ್ನು ನೀವೇ ಮಾಡಿಕೊಂಡು, ದಾನಿ ಸಂಸ್ಥೆಗೆ ಇಮೇಲ್‌ನಲ್ಲಿ ತಿಳಿಸಿ ಒಪ್ಪಿಗೆ ಪಡೆಯಿರಿ. ಫೋನಿನಲ್ಲಿ ಸಿಕ್ಕ ಒಪ್ಪಿಗೆ ಆ ಅಧಿಕಾರಿ ಕೆಲಸ ಬಿಟ್ಟ ದಿನವೇ ಹೋಗುತ್ತದೆ.

ಹೆಸರನ್ನು ನಂಬಬೇಡಿ

ಒಂದು ಪಟ್ಟಿಯಲ್ಲಿ ‘ಲಕ್ಷ್ಮಮ್ಮ’, ಇನ್ನೊಂದರಲ್ಲಿ ‘ಲಕ್ಷ್ಮಿ ಆರ್.’, ಮತ್ತೊಂದರಲ್ಲಿ ‘ಲಕ್ಷ್ಮಮ್ಮ ಕೋಂ ರಾಮಪ್ಪ’. ಮೂವರೂ ಒಬ್ಬರೇ. ಕಂಪ್ಯೂಟರ್‌ಗೆ ಮಾತ್ರ ಮೂವರು. ಆದ್ದರಿಂದ ಮೊದಲ ಭೇಟಿಯಲ್ಲೇ ಪ್ರತಿಯೊಬ್ಬರಿಗೂ ಊರಿನ ಸಂಕೇತ ಮತ್ತು ನಾಲ್ಕಂಕಿ ಸೇರಿಸಿ ಒಂದು ಸಂಖ್ಯೆ ಕೊಡಿ, ಮುಂದಿನ ಎಲ್ಲ ದಾಖಲೆಯಲ್ಲೂ ಅದನ್ನೇ ಬರೆಸಿ. ಕರ್ನಾಟಕದ ಶಾಲಾ ಮಕ್ಕಳಾದರೆ ಶಿಕ್ಷಣ ಇಲಾಖೆ ಒಂದೊಂದು ಮಗುವಿಗೂ ಕೊಡುವ ಸ್ಯಾಟ್ಸ್ ಸಂಖ್ಯೆಯನ್ನೂ ಜೊತೆಗೆ ಬರೆದಿಡಿ. ಗುರುತಿಗೆಂದು ಆಧಾರ್ ಸಂಖ್ಯೆ ಬರೆಸಿಕೊಳ್ಳುವ ಚಾಳಿ ಬಿಡುವುದು ಒಳ್ಳೆಯದು. ವರದಿಗೆ ಅದು ಬೇಕಿಲ್ಲ, ಸೋರಿಹೋದರೆ ಹೊಣೆ ನಿಮ್ಮದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂಬುದೂ ನೆನಪಿರಲಿ.

ಊರಿನ ಹೆಸರನ್ನು ಟೈಪ್ ಮಾಡಲು ಬಿಡದೆ ಪಟ್ಟಿಯಿಂದ ಆರಿಸುವಂತೆ ಮಾಡಿ. ಹೊಸಹಳ್ಳಿ ಎಷ್ಟು ತಾಲ್ಲೂಕಿನಲ್ಲಿಲ್ಲ ಹೇಳಿ! ಹಳೆಯ ಸಮೀಕ್ಷೆಯೊಂದಿಗೆ ಹೋಲಿಸುವಾಗಲೂ ಎಚ್ಚರ ಬೇಕು. ಹೊಸಪೇಟೆ 2021ರವರೆಗೆ ಬಳ್ಳಾರಿ ಜಿಲ್ಲೆ, ಈಗ ವಿಜಯನಗರ. ಇದನ್ನು ಸರಿಪಡಿಸದಿದ್ದರೆ ಬಳ್ಳಾರಿಯ ಫಲಾನುಭವಿಗಳು ದಿಢೀರನೆ ಕುಸಿದಂತೆ ಕಾಣುತ್ತಾರೆ.

ಮೂಲ ಪ್ರತಿ ಮುಟ್ಟಬೇಡಿ

ನೆಟ್‌ವರ್ಕ್ ಸಿಗದ ಊರುಗಳಿಗೆ ಕೋಬೋ ಟೂಲ್‌ಬಾಕ್ಸ್ ಎಂಬ ಮಾಹಿತಿ ಸಂಗ್ರಹದ ತಂತ್ರಾಂಶ ಚೆನ್ನಾಗಿ ಒಗ್ಗುತ್ತದೆ. ಫಾರಂ ಫೋನಿನಲ್ಲೇ ಉಳಿದು, ಸಿಗ್ನಲ್ ಸಿಕ್ಕಾಗ ಸರ್ವರ್ ಸೇರುತ್ತದೆ. ಮೊದಲು ಹತ್ತು ಮನೆಗಳಲ್ಲಿ ಪ್ರಯತ್ನಿಸಿ ನೋಡಿ, ಕಾರ್ಯಕರ್ತರು ತಡವರಿಸಿದ ಪ್ರಶ್ನೆಗಳನ್ನು ತಿದ್ದಿ.

ಇಳಿಸಿಕೊಂಡ ಫೈಲಿಗೆ ‘ಮೂಲ’ ಎಂದು ಹೆಸರಿಟ್ಟು ಬದಿಗಿಡಿ. ತಿದ್ದುಪಡಿಯೆಲ್ಲ ಅದರ ನಕಲಿನಲ್ಲಿ. ಏನು ಬದಲಾಯಿತು, ಏಕೆ, ಯಾರು ಮಾಡಿದರು ಎಂಬುದಕ್ಕೆ ಅಲ್ಲೇ ಇನ್ನೊಂದು ಶೀಟ್. ಕಾಟ ಕೊಡುವ ತೊಂದರೆಗಳು ಮೂರು. ದಿನಾಂಕ: 05/06 ಎಂಬುದು ಕಂಪ್ಯೂಟರ್‌ನ ಸೆಟ್ಟಿಂಗ್ ನೋಡಿಕೊಂಡು ಜೂನ್ 5 ಅಥವಾ ಮೇ 6 ಆಗುತ್ತದೆ. ಸಂಕೇತ ಸಂಖ್ಯೆ: ಕಾಲಂ ‘ಟೆಕ್ಸ್ಟ್’ ಆಗಿರದಿದ್ದರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ನುಂಗಿ 0147 ಅನ್ನು 147 ಮಾಡುತ್ತದೆ. ಮೂರನೆಯದು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್. ಪರದೆಯ ಮೇಲೆ ಕನ್ನಡವೇ ಕಂಡರೂ ಯೂನಿಕೋಡ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯೂ ಸರಿಬರುವುದಿಲ್ಲ. ಮೊದಲೇ ಪರಿವರ್ತಿಸಿಕೊಳ್ಳಿ.

ಪ್ರತಿ ತಿಂಗಳು 5ನೇ ತಾರೀಖಿನೊಳಗೆ ನೂರಕ್ಕೆ ಐದು ದಾಖಲೆಗಳನ್ನು ಕಣ್ಮುಚ್ಚಿ ಆರಿಸಿ, ಫೋನ್ ಮಾಡಿ ಅಥವಾ ಹೋಗಿ ವಿಚಾರಿಸಿ. ದಾಖಲೆ ಬರೆದವರೇ ಈ ಕೆಲಸ ಮಾಡಬಾರದು.

ಹಣದ ಲೆಕ್ಕ, ಕೆಲಸದ ಲೆಕ್ಕ

ಒಂದೇ ಬಿಲ್ಲನ್ನು ಇಬ್ಬರು ದಾನಿಗಳಿಗೆ ತೋರಿಸುವುದಕ್ಕಿಂತ ದೊಡ್ಡ ತಪ್ಪು ಇಲ್ಲಿಲ್ಲ. ಅದು ಹೆಚ್ಚಾಗಿ ಆಗುವುದು ದುರುದ್ದೇಶದಿಂದಲ್ಲ, ಗಡಿಬಿಡಿಯಿಂದ. ಬಿಲ್ ಬಂದ ದಿನವೇ ಅದರ ಮೇಲೆ ಯೋಜನೆ, ಬಜೆಟ್ ಸಾಲು, ವೋಚರ್ ಸಂಖ್ಯೆಗೆ ಜಾಗವಿರುವ ರಬ್ಬರ್ ಸ್ಟಾಂಪ್ ಒತ್ತಿ ತುಂಬಿಸಿ. ಸಂಬಳವೂ ಹೀಗೆಯೇ. ಒಬ್ಬರ 25,000 ರೂಪಾಯಿಯಲ್ಲಿ ಶೇ 60 ಒಂದು ಯೋಜನೆಗೆ, ಶೇ 40 ಇನ್ನೊಂದಕ್ಕೆ ಹೋಗುವುದಾದರೆ ಟೈಮ್‌ಶೀಟ್ ಕೂಡ ಅದನ್ನೇ ಹೇಳಬೇಕು. ಸಿಬ್ಬಂದಿಗೆ ಕೊಟ್ಟ ಮುಂಗಡ ಖರ್ಚಲ್ಲ. ಬಿಲ್ ಒಪ್ಪಿಸಿದ ಮೇಲಷ್ಟೇ ಖರ್ಚು.

ಕಂಪನಿಗಳು ಮಾರ್ಚ್‌ನಲ್ಲಿ ಒಂದೇ ಸಮನೆ ಫೋನ್ ಮಾಡುವುದಕ್ಕೆ ಕಾರಣವಿದೆ. 2021ರ ತಿದ್ದುಪಡಿಯ ನಂತರ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಬಳಕೆಯಾದದ್ದಕ್ಕೆ ಅವರ ಹಣಕಾಸು ಮುಖ್ಯಸ್ಥರೇ ಪ್ರಮಾಣೀಕರಿಸಬೇಕು. ವಿದೇಶಿ ಅನುದಾನವಾದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನಿಯಮಗಳು ಇನ್ನೂ ಬಿಗಿ: ಹಣ ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಗೇ ಬರಬೇಕು, ಸ್ಥಳೀಯ ದೇಣಿಗೆಯೊಂದಿಗೆ ಬೆರೆಯಬಾರದು, ಆಡಳಿತ ವೆಚ್ಚ ಶೇ 20 ಮೀರಬಾರದು, 2020ರ ತಿದ್ದುಪಡಿಯಂತೆ ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ.

ವರದಿ ಕಳಿಸುವ ಮುನ್ನ ಲೆಕ್ಕಿಗರನ್ನೂ ಯೋಜನಾ ಸಂಯೋಜಕರನ್ನೂ ಒಂದೇ ಮೇಜಿಗೆ ಕೂರಿಸಿ. ವರದಿಯಲ್ಲಿ ಆರು ದಿನದ ತರಬೇತಿ, ಊಟದ ಬಿಲ್ ಎಂಟು ದಿನದ್ದು. ಇಂಥದ್ದನ್ನು ದಾನಿಗಿಂತ ಮೊದಲು ನೀವೇ ಹಿಡಿಯಬೇಕು.

ಗುರಿ ತಲುಪದಿದ್ದರೆ

‘ಅನಿವಾರ್ಯ ಕಾರಣಗಳಿಂದ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಗುರಿ 120, ಆದದ್ದು 84; ಕೊಯ್ಲಿನ ಮೂರು ವಾರ ಹೆಂಗಸರು ಬರಲಾಗಲಿಲ್ಲ; ಉಳಿದ 36 ಮಂದಿಗೆ ಫೆಬ್ರುವರಿಯಲ್ಲಿ ಎರಡು ತಂಡ’ ಎಂದು ಬರೆಯಿರಿ. ಉಳಿದ ಹಣವನ್ನು ಬೇರೆ ಸಾಲಿಗೆ ತಿರುಗಿಸುವುದಾದರೆ ಖರ್ಚಿಗೆ ಮುಂಚೆಯೇ ಲಿಖಿತ ಅನುಮತಿ ಬೇಕು.

ಫೈಲು, ಪಾಸ್‌ವರ್ಡ್, ಕೋಬೋ ಖಾತೆ ಎಲ್ಲವೂ ಸಂಸ್ಥೆಯ ಇಮೇಲ್‌ನಲ್ಲಿರಲಿ. ದತ್ತಾಂಶ ನೋಡಿಕೊಳ್ಳುವವರು ಕೆಲಸ ಬಿಟ್ಟಾಗ ಮೂರು ವರ್ಷದ ಮಾಹಿತಿ ಅವರ ಸ್ವಂತ ಜಿಮೇಲ್‌ನಲ್ಲೇ ಉಳಿದುಬಿಡುವುದುಂಟು.