ಕ್ಲೌಡ್ ಡೇಟಾಬೇಸ್ ಕೈಕೊಟ್ಟಾಗ: ಬ್ಯಾಕಪ್‌ನಿಂದ ಮರಳಿ ತರುವ ಬಗೆ

ಅಳಿಸುವ ಆದೇಶದಲ್ಲಿ ಒಂದು ಷರತ್ತು ಬಿಟ್ಟುಹೋದರೆ ಸಾಕು, ಆರ್ಡರ್‌ಗಳ ಇಡೀ ಕೋಷ್ಟಕ ಕಣ್ಣು ಮಿಟುಕಿಸುವುದರೊಳಗೆ ಖಾಲಿಯಾಗುತ್ತದೆ. ‘ಕ್ಲೌಡ್‌ನಲ್ಲಿದೆಯಲ್ಲ, ಹೆದರಬೇಡಿ’ ಎಂದು ಧೈರ್ಯ ಹೇಳುವವರು ಕಚೇರಿಯಲ್ಲಿ ಒಬ್ಬರಾದರೂ ಇರುತ್ತಾರೆ. ಅವರ ಮಾತು ಅರ್ಧ ಮಾತ್ರ ನಿಜ. ಡೇಟಾಬೇಸಿನ ಜೋಡಿ ಪ್ರತಿಯನ್ನು ಬೇರೊಂದು ವಲಯದಲ್ಲಿ ಇಟ್ಟಿದ್ದರೂ ನೀವು ಕೊಟ್ಟ ಆದೇಶ ಅಲ್ಲಿಗೂ ಅಷ್ಟೇ ನಿಷ್ಠೆಯಿಂದ ತಲುಪಿ, ಅಲ್ಲಿಯೂ ಎಲ್ಲವನ್ನೂ ಅಳಿಸಿರುತ್ತದೆ. ಯಂತ್ರ ಕೆಟ್ಟಾಗ ಕೆಲಸಕ್ಕೆ ಬರುವ ಏರ್ಪಾಡು ಅದು. ಮನುಷ್ಯರು ಮಾಡಿದ ಎಡವಟ್ಟಿಗೆ ಬ್ಯಾಕಪ್ಪೇ ಗತಿ.

ಬಹಳಷ್ಟು ಸಣ್ಣ ಕಂಪನಿಗಳು ಬಳಸುವ ಅಮೆಜಾನ್ ಆರ್‌ಡಿಎಸ್ ಎಂಬ ಕ್ಲೌಡ್ ಡೇಟಾಬೇಸ್ ಸೇವೆಯನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯುಎಲ್ ಎಂದಿಟ್ಟುಕೊಳ್ಳಿ. ಗೂಗಲ್ ಮತ್ತು ಮೈಕ್ರೋಸಾಫ್ಟ್‌ನ ಸೇವೆಗಳಲ್ಲಿ ಗುಂಡಿಗಳ ಹೆಸರು ಬೇರೆ, ಕೆಲವು ನಿಯಮಗಳೂ ಬೇರೆ.

ಮೊದಲು ಡೇಟಾಬೇಸಿಗೆ ಬರವಣಿಗೆ ನಿಲ್ಲಿಸಿ

ಆ್ಯಪ್ ಅಥವಾ ಜಾಲತಾಣವನ್ನು ‘ದುರಸ್ತಿಯಲ್ಲಿದೆ’ ಎಂಬ ಸ್ಥಿತಿಗೆ ತನ್ನಿ. ಅಷ್ಟಕ್ಕೇ ಮುಗಿಯಲಿಲ್ಲ. ಹಿನ್ನೆಲೆಯಲ್ಲಿ ಗಂಟೆಗೊಮ್ಮೆ ತಾವಾಗಿಯೇ ಓಡುವ ಕೆಲಸಗಳು, ಪಾವತಿಯ ಸಂದೇಶ ಸ್ವೀಕರಿಸುವ ಪ್ರೋಗ್ರಾಂಗಳು ಯಾರ ಗಮನಕ್ಕೂ ಬಾರದೆ ಬರೆಯುತ್ತಲೇ ಇರುತ್ತವೆ. ಅವುಗಳನ್ನೂ ತಡೆಯಬೇಕು. ಡೇಟಾಬೇಸನ್ನು ಯಾರು ತಲುಪಬಹುದೆಂದು ನಿರ್ಧರಿಸುವ ಸೆಕ್ಯುರಿಟಿ ಗ್ರೂಪ್‌ನಲ್ಲಿ ಆ್ಯಪ್‌ಗೆ ಕೊಟ್ಟಿರುವ ಪ್ರವೇಶವನ್ನು ತೆಗೆದು, ಈಗಾಗಲೇ ತೆರೆದಿರುವ ಸಂಪರ್ಕಗಳನ್ನೂ ಕಡಿದುಹಾಕುವುದು ಒಳ್ಳೆಯ ದಾರಿ.

ಗಾಬರಿಯಲ್ಲಿ ಹಾಳಾದ ಡೇಟಾಬೇಸನ್ನೇ ತೆಗೆದುಹಾಕಿ ಹೊಸದು ಕಟ್ಟಲು ಹೊರಡಬೇಡಿ. ಇನ್‌ಸ್ಟೆನ್ಸ್ (ಡೇಟಾಬೇಸ್ ಓಡುವ ಬಾಡಿಗೆ ಯಂತ್ರ) ಅಳಿಸುವಾಗ ‘ಸ್ವಯಂಚಾಲಿತ ಬ್ಯಾಕಪ್ ಉಳಿಸಿಕೊಳ್ಳಿ’ ಎಂಬ ಆಯ್ಕೆಯನ್ನು ಬಿಟ್ಟರೆ ಆ ಬ್ಯಾಕಪ್‌ಗಳೂ ಅದರೊಂದಿಗೇ ಹೋಗುತ್ತವೆ. ಕೈಯಾರೆ ತೆಗೆದ ಸ್ನ್ಯಾಪ್‌ಶಾಟ್‌ಗಳು (ಒಂದು ಕ್ಷಣದಲ್ಲಿ ಡೇಟಾಬೇಸ್ ಇದ್ದ ಹಾಗೆಯೇ ತೆಗೆದಿಟ್ಟ ಪ್ರತಿಗಳು) ಮಾತ್ರ ಉಳಿಯುತ್ತವೆ.

ನಿಮ್ಮಲ್ಲಿ ಏನಿದೆ ನೋಡಿಕೊಳ್ಳಿ

ಸ್ವಯಂಚಾಲಿತ ಬ್ಯಾಕಪ್‌ಗಳನ್ನು ಗರಿಷ್ಠ 35 ದಿನ ಇಟ್ಟುಕೊಳ್ಳಬಹುದು. ಕನ್ಸೋಲ್ (ಅಮೆಜಾನ್‌ನ ನಿರ್ವಹಣಾ ಜಾಲಪುಟ) ಮೂಲಕ ಡೇಟಾಬೇಸ್ ಸೃಷ್ಟಿಸಿದ್ದರೆ ಡಿಫಾಲ್ಟ್ ಅವಧಿ 7 ದಿನ. ಕಮಾಂಡ್ ಮೂಲಕ ಸೃಷ್ಟಿಸಿದ್ದರೆ ಒಂದೇ ದಿನ. ಯಾರೋ ದುಡ್ಡು ಉಳಿಸಲೆಂದು ಅದನ್ನು ಸೊನ್ನೆ ಮಾಡಿದ್ದರೆ ಬ್ಯಾಕಪ್ಪೇ ಇಲ್ಲ. ಪ್ರತಿದಿನದ ಸ್ನ್ಯಾಪ್‌ಶಾಟ್ ಅಲ್ಲದೆ, ನಡೆದ ವಹಿವಾಟಿನ ಲಾಗ್‌ಗಳನ್ನೂ (ಬದಲಾವಣೆಗಳ ದಾಖಲೆ) ಆರ್‌ಡಿಎಸ್ 5 ನಿಮಿಷಕ್ಕೊಮ್ಮೆ ಎತ್ತಿಡುತ್ತದೆ. ಹಾಗಾಗಿ ಅವಧಿಯೊಳಗಿನ ಯಾವುದೇ ಕ್ಷಣಕ್ಕೆ, ಸೆಕೆಂಡಿನ ಲೆಕ್ಕದಲ್ಲಿ, ಹಿಂದಿರುಗಬಹುದು. ಡೇಟಾಬೇಸ್ ಗೂಢಲಿಪೀಕರಣಗೊಂಡಿದ್ದರೆ ಅದರ ಕೀಲಿ ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದನ್ನೂ ಈಗಲೇ ನೋಡಿ. ಕೀಲಿ ಅಳಿಸಿಹೋಗಿದ್ದರೆ ಬ್ಯಾಕಪ್ ಇದ್ದೂ ಇಲ್ಲದಂತೆ.

ಬ್ಯಾಕಪ್ ಇದೆ ಎಂಬ ನಂಬಿಕೆ ಎಂಥ ಹೊಂಡಕ್ಕೆ ತಳ್ಳಬಹುದು ಎನ್ನುವುದಕ್ಕೆ ಪ್ರೋಗ್ರಾಂಗಳ ಕೋಡ್ ಇಟ್ಟುಕೊಳ್ಳುವ ಸೇವೆ ಕೊಡುವ ಗಿಟ್‌ಲ್ಯಾಬ್ ಕಂಪನಿಯ ಪ್ರಸಂಗವಿದೆ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಅಳಿಸುವ ಆದೇಶ ಕೊಟ್ಟರು. ಸುಮಾರು 300 ಜಿಬಿ ದತ್ತಾಂಶದಲ್ಲಿ ಉಳಿದದ್ದು 4.5 ಜಿಬಿ. ದಿನನಿತ್ಯದ ಬ್ಯಾಕಪ್ ಹುಡುಕಿದರೆ ಸಂಗ್ರಹವೇ ಖಾಲಿ! ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6 ಆವೃತ್ತಿಯದು, ಬ್ಯಾಕಪ್ ಸಲಕರಣೆ 9.2ರದು, ಹೊಂದಾಣಿಕೆಯಾಗದೆ ಬ್ಯಾಕಪ್ ವಿಫಲವಾಗುತ್ತಿತ್ತು. ವೈಫಲ್ಯ ತಿಳಿಸುವ ಇಮೇಲ್‌ಗಳೂ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಕೈಹಿಡಿದದ್ದು, ಸುಮಾರು 6 ಗಂಟೆ ಮುಂಚೆ ಬೇರೆ ಉದ್ದೇಶಕ್ಕಾಗಿ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ತನ್ನ ವೈಫಲ್ಯವನ್ನು ಮುಚ್ಚಿಡದೆ ಪೂರ್ತಿ ಬಯಲಿಗಿಟ್ಟ ಆ ಕಂಪನಿಯನ್ನು ಮೆಚ್ಚಲೇಬೇಕು.

ಯಾವ ಕ್ಷಣಕ್ಕೆ ಹಿಂದಿರುಗಬೇಕು?

ಅನಾಹುತ ನಡೆದದ್ದು ಮಧ್ಯಾಹ್ನ 3 ಗಂಟೆ 12 ನಿಮಿಷಕ್ಕೆ ಎನ್ನೋಣ; ಹಿಂದಿರುಗಬೇಕಾದದ್ದು ಅದಕ್ಕೆ ತುಸು ಮುಂಚಿನ ಕ್ಷಣಕ್ಕೆ. ಸರ್ವರ್‌ನ ಲಾಗ್‌ನಲ್ಲಿ ಅನಾಹುತದ ಸಮಯ 9:42 ಎಂದು ಕಾಣುವ ಸಾಧ್ಯತೆಯೇ ಹೆಚ್ಚು. ಲಾಗ್ ಬರೆಯುವುದು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದು. ಈ 9:42 ಅನ್ನು ಬೆಳಗಿನ ನಮ್ಮ ಸಮಯವೆಂದೇ ತಿಳಿದು ಕನ್ಸೋಲ್‌ಗೆ ಕೊಟ್ಟರೆ ಯಾವ ದೋಷಸಂದೇಶವೂ ಬರುವುದಿಲ್ಲ. ಎಲ್ಲವೂ ಸಲೀಸಾಗಿ ಮುಗಿದು, ಅರ್ಧ ದಿನದ ಆರ್ಡರ್‌ಗಳಿಲ್ಲದ ಡೇಟಾಬೇಸ್ ಕೈಗೆ ಬರುತ್ತದೆ. ಸಮಯ ಸ್ಥಳೀಯವೋ ಯುಟಿಸಿಯೋ ಎಂದು ಇಬ್ಬರು ಕೂತು ನೋಡಿ, ಕಾಗದದ ಮೇಲೆ ಬರೆದುಕೊಳ್ಳಿ.

ನಿಖರ ಕ್ಷಣ ಗೊತ್ತಾಗದಿದ್ದರೆ? ಎರಡು ಬೇರೆ ಬೇರೆ ಸಮಯಕ್ಕೆ ಎರಡು ಪ್ರತಿ ಎಬ್ಬಿಸಿ ಹೋಲಿಸಿ ನೋಡುವುದಕ್ಕೆ ಅಡ್ಡಿಯಿಲ್ಲ. ಕೆಲವು ಗಂಟೆಗಳ ಬಾಡಿಗೆ ಹೆಚ್ಚಾಗುತ್ತದೆ, ಅಷ್ಟೇ.

ಪ್ರತಿ ಎಬ್ಬಿಸುವುದು

ಕನ್ಸೋಲ್‌ನಲ್ಲಿ ಡೇಟಾಬೇಸ್ ಆಯ್ದು, ‘ಆ್ಯಕ್ಷನ್ಸ್’ ಪಟ್ಟಿಯಲ್ಲಿ ‘ರಿಸ್ಟೋರ್ ಟು ಪಾಯಿಂಟ್ ಇನ್ ಟೈಮ್’ ಒತ್ತಿ, ಸಮಯ ಕೊಡಿ. ಹೊಸಬರು ಬೆಚ್ಚಿಬೀಳುವುದು ಇಲ್ಲಿಯೇ: ಅದು ಹೊಸ ಹೆಸರು ಕೇಳುತ್ತದೆ. ಆರ್‌ಡಿಎಸ್ ಹಳೆಯ ಡೇಟಾಬೇಸನ್ನು ಮುಟ್ಟುವುದೇ ಇಲ್ಲ. ಪಕ್ಕದಲ್ಲಿ ಬೇರೆ ವಿಳಾಸದೊಂದಿಗೆ ಮತ್ತೊಂದನ್ನು ಕಟ್ಟಿಕೊಡುತ್ತದೆ. ಇದು ನಿಮ್ಮ ಅದೃಷ್ಟವೆಂದೇ ತಿಳಿಯಿರಿ.

ಸೆಕ್ಯುರಿಟಿ ಗ್ರೂಪ್ ಮತ್ತು ಪ್ಯಾರಾಮೀಟರ್ ಗ್ರೂಪ್ (ಡೇಟಾಬೇಸಿನ ಸೆಟ್ಟಿಂಗ್‌ಗಳ ಗುಚ್ಛ) ಹಳೆಯದರಲ್ಲಿ ಇದ್ದವೇ ಆಗಿರಲಿ. ಗಮನಿಸದಿದ್ದರೆ ಡಿಫಾಲ್ಟ್ ಬಂದು ಕೂರುತ್ತದೆ; ಆಮೇಲೆ ‘ಸಂಪರ್ಕವೇ ಸಿಗುತ್ತಿಲ್ಲ’ ಎಂಬ ಪೀಕಲಾಟ. ಸಾರ್ವಜನಿಕ ಪ್ರವೇಶ ‘ಇಲ್ಲ’ ಎಂದೇ ಇರಲಿ.

‘ಅವೈಲಬಲ್’ ಎಂದು ಕಂಡ ಕೂಡಲೇ ಪೂರ್ಣ ವೇಗ ನಿರೀಕ್ಷಿಸಬೇಡಿ. ದತ್ತಾಂಶ ಹಿನ್ನೆಲೆಯಲ್ಲಿ ಇನ್ನೂ ಬಂದು ಸೇರುತ್ತಿರುತ್ತದೆ, ಮೊದಲ ಸಲ ಮುಟ್ಟಿದ ಭಾಗವೆಲ್ಲ ನಿಧಾನ. ಮುಖ್ಯ ಕೋಷ್ಟಕಗಳನ್ನು ಒಮ್ಮೆ ಪೂರ್ತಿ ಓದಿಸಿಬಿಟ್ಟರೆ ಚುರುಕಾಗುತ್ತವೆ.

ಬದಲಾಯಿಸುವುದೋ, ತೇಪೆ ಹಾಕುವುದೋ?

ನಿಜವಾದ ಕೆಲಸ ಶುರುವಾಗುವುದು ಈಗ. 3:12ರಿಂದ ಆ್ಯಪ್ ನಿಲ್ಲಿಸುವವರೆಗೆ ಬಂದ ಹೊಸ ಆರ್ಡರ್‌ಗಳು ಹಳೆಯ ಡೇಟಾಬೇಸ್‌ನಲ್ಲಿವೆ, ಕಳೆದುಹೋದವು ಹೊಸದರಲ್ಲಿವೆ. ಒಂದೆರಡು ಕೋಷ್ಟಕ ಮಾತ್ರ ಹಾಳಾಗಿದ್ದರೆ ತೇಪೆಯೇ ಮೇಲು ಎಂದು ನನ್ನ ಅಭಿಪ್ರಾಯ. ಹೊಸ ಪ್ರತಿಯಿಂದ ಆ ಕೋಷ್ಟಕವನ್ನಷ್ಟೇ ಹೊರತೆಗೆದು, ಹಳೆಯದರಲ್ಲಿ ಬೇರೆ ಹೆಸರಿನಲ್ಲಿ ಇಳಿಸಿ, ಇಲ್ಲದ ಸಾಲುಗಳನ್ನು ಮಾತ್ರ ಸೇರಿಸಿ. ಒಂದು ಕೋಷ್ಟಕ ಅಳಿಸಿದರೆ ಅದನ್ನು ಅವಲಂಬಿಸಿದ್ದ ಮರಿ ಕೋಷ್ಟಕಗಳ ಸಾಲುಗಳೂ ಹೋಗಿರಬಹುದು, ಅವನ್ನೂ ಹುಡುಕಿ. ಸಾಲು ಸೇರಿದಾಗ ಎಸ್‌ಎಂಎಸ್ ಕಳಿಸುವ ಟ್ರಿಗರ್ ಇದ್ದರೆ ಮೊದಲು ಅದನ್ನು ಆರಿಸಿ. ಇಲ್ಲವಾದರೆ ಎರಡು ವರ್ಷದ ಹಿಂದಿನ ಗ್ರಾಹಕರಿಗೂ ‘ನಿಮ್ಮ ಆರ್ಡರ್ ಸ್ವೀಕೃತವಾಗಿದೆ’ ಎಂಬ ಸಂದೇಶ ಹೋದೀತು.

ಎಲ್ಲವೂ ಕೆಟ್ಟಿದ್ದರೆ ಇಡೀ ಡೇಟಾಬೇಸ್ ಬದಲಾಯಿಸಬೇಕು. ಹಳೆಯದರ ಹೆಸರು ಬದಲಿಸಿ, ಹೊಸದಕ್ಕೆ ಹಳೆಯ ಹೆಸರು ಕೊಡಿ. ವಿಳಾಸ ಹೆಸರನ್ನೇ ಹಿಂಬಾಲಿಸುವುದರಿಂದ ಆ್ಯಪ್‌ನ ಸೆಟ್ಟಿಂಗ್ ತಿದ್ದಬೇಕಿಲ್ಲ, ಆದರೆ ಹಳೆಯ ವಿಳಾಸವನ್ನು ನೆನಪಿಟ್ಟುಕೊಂಡ ಪ್ರೋಗ್ರಾಂಗಳನ್ನು ಮರುಚಾಲನೆ ಮಾಡಬೇಕಾದೀತು. ರೀಡ್ ರೆಪ್ಲಿಕಾಗಳು (ಓದಲೆಂದೇ ಇಟ್ಟ ಜೋಡಿ ಪ್ರತಿಗಳು) ಹಳೆಯದಕ್ಕೇ ಅಂಟಿಕೊಂಡಿರುತ್ತವೆ, ಹೊಸದಾಗಿ ಕಟ್ಟಿಕೊಳ್ಳಿ.

ಇಡೀ ಬದಲಾವಣೆಯಲ್ಲಿ ಹಲವರು ಮರೆಯುವುದು ಕ್ರಮಸಂಖ್ಯೆ. ಡೇಟಾಬೇಸ್ ಹಿಂದಕ್ಕೆ ಹೋದಾಗ ಮುಂದಿನ ಬಿಲ್ ಸಂಖ್ಯೆಯೂ ಹಿಂದಕ್ಕೆ ಹೋಗಿರುತ್ತದೆ. 3:12ರ ನಂತರ ಗ್ರಾಹಕರ ಕೈಗೆ ಸೇರಿದ ಬಿಲ್ ಸಂಖ್ಯೆಗಳೇ ಮತ್ತೆ ಬೇರೆಯವರಿಗೂ ಮುದ್ರಣವಾಗುತ್ತವೆ. ಆ್ಯಪ್ ತೆರೆಯುವ ಮುನ್ನ ಹಳೆಯದರ ಕೊನೆಯ ಸಂಖ್ಯೆ ನೋಡಿ, ಹೊಸದನ್ನು ಅದರಾಚೆಗೆ ತಳ್ಳಿ. ನಡುವೆ ಒಂದಷ್ಟು ಅಂತರ ಬಿಟ್ಟರೂ ಒಳ್ಳೆಯದೇ, ಲೆಕ್ಕಪತ್ರದವರಿಗೆ ಒಂದು ಮಾತು ಹೇಳಿದರಾಯಿತು.

ತೆರೆದ ಮೇಲೆ

ಸಾಲುಗಳ ಎಣಿಕೆ, ಕೊನೆಯ ಆರ್ಡರ್‌ನ ಸಮಯ, ಹಿಂದಿನ ದಿನದ ಒಟ್ಟು ಮೊತ್ತ, ಈ ಮೂರನ್ನು ಪಾವತಿ ಸಂಸ್ಥೆಯ ವರದಿಯೊಂದಿಗೆ ತಾಳೆ ನೋಡಿ. ಹೊಸ ಡೇಟಾಬೇಸ್‌ನ ಬ್ಯಾಕಪ್ ಇತಿಹಾಸ ಇಂದಿನಿಂದಲೇ ಆರಂಭ, ನಿನ್ನೆಯದೇನಾದರೂ ಬೇಕೆಂದರೆ ಹಳೆಯದನ್ನೇ ಕೇಳಬೇಕು. ಆದ್ದರಿಂದ ಹಳೆಯದನ್ನು ಕೆಲವು ವಾರ ಇಟ್ಟುಕೊಳ್ಳಿ; ತೆಗೆಯುವ ದಿನ ಕೊನೆಯ ಸ್ನ್ಯಾಪ್‌ಶಾಟ್ ಒಂದನ್ನು ತೆಗೆದಿಡಿ. ಬಾಡಿಗೆ ಉಳಿಸಲು ಹಳೆಯ ಡೇಟಾಬೇಸನ್ನು ತಾತ್ಕಾಲಿಕವಾಗಿ ನಿಲ್ಲಿಸಿಡಬಹುದು. ಆಗಲೂ ಸಂಗ್ರಹದ ಶುಲ್ಕ ತಪ್ಪದು, ಮತ್ತು 7 ದಿನ ಕಳೆದರೆ ಅದು ತಾನಾಗಿಯೇ ಮತ್ತೆ ಚಾಲೂ ಆಗುತ್ತದೆ.